ಬ್ರೇಕಿಗೂ ಒಂದು ಭಾಷೆ ಇದೆ ಸ್ವಾಮಿ!

ಇಂದಿರಾನಗರದ ಒಂದು ದೊಡ್ಡ ಮನೆ. ಪೋರ್ಟಿಕೋದಲ್ಲಿ ಎರಡು ಟನ್ ತೂಕದ ಜರ್ಮನ್ ಕಾರು. ಅದನ್ನು ಓಡಿಸುವವನು ಕುಣಿಗಲ್ ಕಡೆಯ ಹುಡುಗ. ವಯಸ್ಸು ಇಪ್ಪತ್ತಾರು. ಕಾರು ಸಾಹುಕಾರರದ್ದು. ಆದರೆ ಬ್ರೇಕಿನ ಮೇಲಿರುವ ಕಾಲು ನಮ್ಮ ಹುಡುಗನದ್ದು. ಈ ಲೇಖನ ಆ ಕಾಲಿನ ಬಗ್ಗೆ.

ಹುಡುಗ ನನಗೆ ಪರಿಚಯದವನು. ಹೆಸರು ಬೇಡ, ನೌಕರಿ ಹೋದೀತು. ಒಂದು ಭಾನುವಾರ ಯಜಮಾನರ ಮನೆಯವರನ್ನೆಲ್ಲ ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗಿದ್ದ. 1,478 ಮೀಟರ್ ಎತ್ತರದ ಬೆಟ್ಟ. ಹತ್ತುವಾಗ ಎಂಜಿನ್ನಿಗೆ ಕಷ್ಟ, ಇಳಿಯುವಾಗ ಬ್ರೇಕಿಗೆ ಕಷ್ಟ. ತಿರುವು ತಿರುವಿಗೂ ಬ್ರೇಕ್ ಹಾಕುತ್ತ ಅರ್ಧ ದಾರಿ ಇಳಿದಿದ್ದ. ಆಗ ಪೆಡಲ್ ಮೆತ್ತಗಾಯಿತು. ಸ್ಪಂಜು ಒತ್ತಿದ ಹಾಗೆ ಕೆಳಗಿಳಿಯುತ್ತದೆ, ಕಾರು ಮಾತ್ರ ಹಿಡಿತಕ್ಕೆ ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ಹಾಡುತ್ತಿದ್ದಾರೆ, ಮುಂದೆ ಇವನ ಬೆನ್ನಲ್ಲಿ ಬೆವರು. ಹುಡುಗ ಜಾಣ. ಗೇರನ್ನು ಕೈಯಿಂದ ಇಳಿಸಿ, ಪೆಡಲನ್ನು ಪಂಪ್ ಮಾಡಿ, ಹೇಗೋ ಬದಿಗೆ ತಂದು ನಿಲ್ಲಿಸಿದ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮತ್ತೆ ಗಟ್ಟಿ! ಏನೂ ಆಗಿಯೇ ಇಲ್ಲವೆಂಬಂತೆ.

ಮಾರನೆಯ ದಿನ ಕಾರನ್ನು ಸರ್ವೀಸಿಗೆ ಬಿಟ್ಟ. ಗಾಜಿನ ಕಟ್ಟಡ, ಎ.ಸಿ., ಯಂತ್ರದ ಕಾಫಿ. ಕೌಂಟರಿನಲ್ಲಿದ್ದವರಿಗೆ ಕನ್ನಡ ಬಾರದು. ಇವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. "ಬೆಟ್ಟ ಇಳಿಯೋವಾಗ ಪೆಡಲ್ ಮೆತ್ತಗಾಯ್ತು ಸಾರ್, ಆರಿದ ಮೇಲೆ ಸರಿಹೋಯ್ತು" ಅಂತ ಇವನು ಹೇಳಿದ. ಜಾಬ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಬಿದ್ದದ್ದು ಎರಡೇ ಪದ: ಬ್ರೇಕ್ ಕಂಪ್ಲೇಂಟ್. ಅದರ ಕೆಳಗೆ ಸಣ್ಣ ಅಕ್ಷರದ ಒಂದು ಪುಟ, ಕೊನೆಗೆ ಇವನ ಸಹಿ. ಸಂಜೆಗೆ ಮುಂದಿನ ಎರಡು ಚಕ್ರಗಳಿಗೂ ಹೊಸ ಪ್ಯಾಡು ಹಾಕಿ, ಕಾರು ತೊಳೆದು, ಉದ್ದನೆಯ ಬಿಲ್ಲು ಕೊಟ್ಟರು. ಹಳೆಯ ಪ್ಯಾಡು ತೋರಿಸಲಿಲ್ಲ. ಇವನಿಗೂ ಕೇಳಬೇಕೆಂದು ಗೊತ್ತಿರಲಿಲ್ಲ. ಮುಂದಿನ ತಿಂಗಳು ಮತ್ತೆ ಬೆಟ್ಟ. ಮತ್ತೆ ಪೆಡಲ್ ಮೆತ್ತಗೆ!

ಈ ಸಲ ಹುಡುಗ ಗಾಜಿನ ಕಟ್ಟಡಕ್ಕೆ ಹೋಗಲಿಲ್ಲ. ಹಲಸೂರಿನ ಒಂದು ಗಲ್ಲಿಯೊಳಗಿನ ಗ್ಯಾರೇಜಿಗೆ ಬಂದ. ಎರಡು ಕಾರು ನಿಲ್ಲಿಸಿದರೆ ತುಂಬಿಹೋಗುವ ಜಾಗ. ಒಬ್ಬ ಉಸ್ತಾದ್, ಇಬ್ಬರು ಹುಡುಗರು. ಉಸ್ತಾದರ ಮನೆಮಾತು ಉರ್ದು, ಗ್ಯಾರೇಜಿನ ಮಾತು ಕನ್ನಡ, ತಮಿಳು, ಉರ್ದು ಎಲ್ಲ ಕಲಸಿದ್ದು. ಅವರು ಕಾರು ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿದರು. "ಬೆಟ್ಟದಲ್ಲಿ ಮಾತ್ರಾನಾ, ಸಿಟೀಲೂ ಆಗ್ತದಾ? ಆರಿದ ಮೇಲೆ ಪೆಡಲ್ ಗಟ್ಟಿ ಆಗ್ತದಾ? ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?" ಮೊದಲ ಎರಡಕ್ಕೆ ಹುಡುಗನ ಹತ್ತಿರ ಉತ್ತರವಿತ್ತು. ಮೂರನೆಯದಕ್ಕೆ ಉತ್ತರ ಆ ಉದ್ದನೆಯ ಬಿಲ್ಲಿನಲ್ಲೂ ಇರಲಿಲ್ಲ. ಉಸ್ತಾದರು ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಪೆನ್ನಿನಷ್ಟು ಉದ್ದದ ಟೆಸ್ಟರ್ ಅದ್ದಿದರು. ಕೆಂಪು ದೀಪ ಹತ್ತಿತು. ಹಳೆಯ ಆಯಿಲ್ ಪೂರ್ತಿ ತೆಗೆದು, ಹೊಸ ಡಬ್ಬಿ ಒಡೆದು ತುಂಬಿ, ಗಾಳಿ ತೆಗೆದರು. ಆಮೇಲೆ ಬೆಟ್ಟ ಇಳಿದರೂ ಪೆಡಲ್ ಅಲ್ಲಾಡಲಿಲ್ಲ.

ಈಗ ಹೇಳಿ, ಬೆಂಜು ಕಾರಿನ ಬ್ರೇಕಿಗೂ ಕನ್ನಡಕ್ಕೂ ಏನ್ರೀ ಸಂಬಂಧ ಅಂತ ಕೇಳುತ್ತೀರಾ? ಇದೇ ಸಂಬಂಧ. ಗಾಜಿನ ಕಟ್ಟಡದಲ್ಲಿ ಯಂತ್ರ ಇತ್ತು, ಕಂಪನಿಯ ಪುಸ್ತಕ ಇತ್ತು, ಅಸಲಿ ಪ್ಯಾಡು ಇತ್ತು. ಇಲ್ಲದಿದ್ದದ್ದು ಒಂದೇ, "ಮೆತ್ತಗಾಯ್ತು" ಎಂಬ ಪದ ಕೇಳುವ ಕಿವಿ. ಆ ಪದದೊಳಗೇ ರೋಗದ ಹೆಸರಿತ್ತು.

ಹೇಗೆ ಅಂತೀರಾ? ಕೇಳಿ. ಬ್ರೇಕ್ ಎಂದರೆ ವೇಗವನ್ನು ಶಾಖ ಮಾಡುವ ಯಂತ್ರ, ಅಷ್ಟೆ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ 2 ಟನ್ ಕಾರನ್ನು ಒಂದು ಸಲ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖ, ಸುಮಾರು ಒಂದೂವರೆ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಈ ಶಾಖವೆಲ್ಲ ಡಿಸ್ಕು, ಪ್ಯಾಡು, ಕ್ಯಾಲಿಪರ್ ದಾಟಿ ಒಳಗಿನ ಬ್ರೇಕ್ ಆಯಿಲ್‌ವರೆಗೆ ಹೋಗುತ್ತದೆ. ಆಯಿಲ್ ಎಂದು ನಾವು ಕರೆದರೂ ಅದು ಎಣ್ಣೆಯಲ್ಲ. ಗಾಳಿಯಲ್ಲಿನ ತೇವವನ್ನು ಹೀರುವ ರಾಸಾಯನಿಕ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ನೀರು ಹೀರಿಕೊಂಡ ಮೇಲೆ ಅದೇ ಆಯಿಲಿಗೆ ನಿಗದಿಯಾದ ಮಿತಿ 155 ಡಿಗ್ರಿ. ಕುದಿಯಿತೆಂದರೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗುತ್ತದೆ. ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ. ಆರಿದ ಮೇಲೆ ಗುಳ್ಳೆ ಮಾಯ, ಪೆಡಲ್ ಗಟ್ಟಿ. ಸರ್ವೀಸಿಗೆ ತಂದಾಗ "ಏನೂ ತೊಂದರೆ ಇಲ್ಲವಲ್ಲ" ಅನ್ನುತ್ತಾರೆ!

ಬೆಂಜು, ಬಿ.ಎಂ.ಡಬ್ಲ್ಯು. ಕಂಪನಿಗಳೇ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುತ್ತವೆ. ಕಾರು ಎಷ್ಟು ಓಡಿದೆ ಎನ್ನುವುದು ಲೆಕ್ಕಕ್ಕಿಲ್ಲ, ಪೋರ್ಟಿಕೋದಲ್ಲಿ ನಿಂತೇ ಇದ್ದರೂ ಅದು ತೇವ ಹೀರುತ್ತದೆ. ವಾರಕ್ಕೊಮ್ಮೆ ಕ್ಲಬ್ಬಿಗೆ ಹೋಗಿಬರುವ ಕಾರಿನ ಬ್ರೇಕ್ ಸದಾ ಹೊಸದು ಎಂದುಕೊಂಡ ಯಜಮಾನರು ಇದನ್ನು ಸ್ವಲ್ಪ ಗಮನಿಸಲಿ.

ಈಗ ನಮ್ಮ ಡ್ರೈವರುಗಳ ಬಾಯಲ್ಲಿರುವ ಪದಗಳನ್ನು ಸಾಲಾಗಿ ಇಟ್ಟು ನೋಡಿ. "ಮೆತ್ತಗಾಯ್ತು" ಅಂದರೆ ಲೈನಿನಲ್ಲಿ ಗಾಳಿಯೋ ಆವಿಯೋ ಇದೆ. "ಅದುರುತ್ತೆ" ಅಂದರೆ ಡಿಸ್ಕಿನ ದಪ್ಪ ಒಂದೇ ಸಮ ಇಲ್ಲ, ಇಲ್ಲವೇ ಅದು ಓರೆಯಾಗಿ ತಿರುಗುತ್ತಿದೆ. "ಒಂದು ಕಡೆ ಎಳೆಯುತ್ತೆ" ಅಂದರೆ ಒಂದು ಬದಿಯ ಕ್ಯಾಲಿಪರ್ ಕೆಲಸ ಮಾಡುತ್ತಿಲ್ಲ, ಅಥವಾ ಒಳಗೆ ಹೋಸ್ ಪೈಪು ಕಟ್ಟಿಕೊಂಡಿರಬಹುದು. "ಕಚ್ಚಿಕೊಂಡೇ ಇರುತ್ತೆ" ಅಂದರೆ ಪಿಸ್ಟನ್ ಹಿಂದಕ್ಕೆ ಹೋಗುತ್ತಿಲ್ಲ, ಪಿನ್ನುಗಳು ಜಾಮ್ ಆಗಿವೆ. "ಕರಕರ ಅನ್ನುತ್ತೆ" ಅಂದರೆ ಪ್ಯಾಡು ಮುಗಿದು ಕಬ್ಬಿಣ ಕಬ್ಬಿಣಕ್ಕೆ ಉಜ್ಜುತ್ತಿರಬಹುದು. ಐದು ಮಾತು, ಐದು ಬೇರೆ ಬೇರೆ ದಾರಿ. ಇವೆಲ್ಲವನ್ನೂ "ಬ್ರೇಕ್ ಕಂಪ್ಲೇಂಟ್" ಎಂಬ ಒಂದೇ ಗೋಣಿಚೀಲಕ್ಕೆ ತುಂಬಿದರೆ ಸಿಗುವುದು ಒಂದೇ ಔಷಧ: ಹೊಸ ಪ್ಯಾಡು, ಉದ್ದ ಬಿಲ್ಲು!

ಹಾಗಂತ ಗಲ್ಲಿಯ ಗ್ಯಾರೇಜುಗಳೆಲ್ಲ ದೇವಸ್ಥಾನ, ಕಂಪನಿಯ ಸರ್ವೀಸೆಲ್ಲ ದರೋಡೆ ಎಂದು ನಾನು ಹೇಳುತ್ತಿಲ್ಲ. ನಮ್ಮವರು ಎಂದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಪ್ಯಾಡು ಸವೆದಾಗ ದೀಪ ಹತ್ತಿಸಲೆಂದು ದುಬಾರಿ ಕಾರುಗಳಲ್ಲಿ ಸೆನ್ಸರ್ ವೈರು ಇರುತ್ತದೆ. ಪ್ಯಾಡು ಬದಲಾಯಿಸುವ ಬದಲು ಆ ವೈರನ್ನೇ ಜೋಡಿಸಿ ದೀಪ ಆರಿಸಿ ಕಳಿಸುವವರಿದ್ದಾರೆ. ತಿಂಗಳುಗಟ್ಟಲೆ ಮುಚ್ಚಳ ತೆರೆದಿಟ್ಟ ಡಬ್ಬಿಯ ಆಯಿಲ್ ಸುರಿಯುವವರಿದ್ದಾರೆ. ಕ್ಯಾಲಿಪರನ್ನು ಬರಿಯ ಹೋಸ್ ಪೈಪಿನ ಮೇಲೆ ನೇತುಹಾಕಿ ಟೀ ಕುಡಿಯಲು ಹೋಗುವವರಿದ್ದಾರೆ. ಡಿಸ್ಕಿನ ಅಂಚಿನಲ್ಲೇ ಕನಿಷ್ಠ ದಪ್ಪ ಅಚ್ಚೊತ್ತಿರುತ್ತದೆ. ಅದನ್ನು ಓದದೆ ಲೇತಿಗೆ ಕೊಟ್ಟು ಕೆರೆಸಿ ಇನ್ನೂ ತೆಳ್ಳಗೆ ಮಾಡುವವರಿದ್ದಾರೆ. ಇವರನ್ನು ಜಾತಿ, ಭಾಷೆ, ಏರಿಯಾ ನೋಡಿ ಕ್ಷಮಿಸಿದರೆ ಸಾಯುವವರು ನಾವೇ.

ಇನ್ನೊಂದು ಮಾತು. ಇಂದಿನ ಬ್ರೇಕು ಪಾನಾ, ಸುತ್ತಿಗೆಯ ಬ್ರೇಕಲ್ಲ. 1978ರಲ್ಲಿ ಬಾಷ್ ಕಂಪನಿಯ ಎ.ಬಿ.ಎಸ್. ಮೊದಲು ಬೆಂಜಿನ ಎಸ್ ಕ್ಲಾಸ್ ಕಾರಿಗೆ ಬಂತು. ಜಾರುವ ರಸ್ತೆಯಲ್ಲಿ ಚಕ್ರ ಲಾಕ್ ಆಗದಂತೆ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅಂದು ಸಾಹುಕಾರರ ಸೊತ್ತಾಗಿದ್ದದ್ದು 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಬಟನ್ ಒತ್ತಿದರೆ ಹಿಡಿಯುವ ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕ್ ಇರುವ ಎಷ್ಟೋ ಕಾರುಗಳಲ್ಲಿ, ಸ್ಕ್ಯಾನರ್ ಹಾಕಿ ಸರ್ವೀಸ್ ಮೋಡಿಗೆ ತರದೆ ಹಿಂದಿನ ಪಿಸ್ಟನ್ನನ್ನು ಕ್ಲಾಂಪಿನಿಂದ ಒತ್ತಿದರೆ ಮೋಟಾರೇ ಹಾಳು.

ಬೆಂಜು 2001ರಿಂದ ಕೆಲವು ಕಾರುಗಳಿಗೆ ಎಸ್.ಬಿ.ಸಿ. ಎಂಬ ಎಲೆಕ್ಟ್ರಾನಿಕ್ ಬ್ರೇಕ್ ಹಾಕಿತು. ಅದರ ಪಂಪು ತನ್ನಷ್ಟಕ್ಕೆ ತಾನೇ ಎಚ್ಚರಗೊಂಡು ಒತ್ತಡ ಕೊಡುತ್ತದೆ. ಸ್ಕ್ಯಾನರಿನಿಂದ ಅದನ್ನು ಮಲಗಿಸದೆ ಕ್ಯಾಲಿಪರಿಗೆ ಕೈ ಹಾಕಿದರೆ ಮೆಕ್ಯಾನಿಕ್ಕಿನ ಬೆರಳು ಪ್ಯಾಡಿನ ನಡುವೆ ನುಜ್ಜುಗುಜ್ಜು! ಜರ್ಮನಿಯ ಆ ಬುದ್ಧಿವಂತಿಕೆಯೂ ಎಡವಿತು. 2004ರಲ್ಲಿ 6.8 ಲಕ್ಷ, 2005ರಲ್ಲಿ 13 ಲಕ್ಷ ಕಾರುಗಳನ್ನು ಕಂಪನಿಯೇ ವಾಪಸು ಕರೆಸಿ ಪರೀಕ್ಷಿಸಬೇಕಾಯಿತು. ದೊಡ್ಡ ಹೆಸರು ಎಂದರೆ ತಪ್ಪೇ ಇಲ್ಲ ಎಂದಲ್ಲ. ಸಣ್ಣ ಗ್ಯಾರೇಜು ಎಂದರೆ ಧೈರ್ಯ ಒಂದೇ ಸಾಕು ಎಂದೂ ಅಲ್ಲ.

ಹಾಗಾದರೆ ಸ್ಕ್ಯಾನರ್, ಪುಸ್ತಕ, ಅಸಲಿ ಪ್ಯಾಡು ನಮ್ಮ ಗಲ್ಲಿಯ ಉಸ್ತಾದರಿಗೆ ಏಕೆ ಸುಲಭವಾಗಿ ಸಿಗಲಿಲ್ಲ? ಇಲ್ಲಿದೆ ಅಸಲಿ ಕತೆ. ಇದು ನಾನು ಹೇಳುವುದಲ್ಲ, ಭಾರತ ಸ್ಪರ್ಧಾ ಆಯೋಗ ಹೇಳಿದ್ದು. 2014ರ ಆಗಸ್ಟಿನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಾರಣ? ಬಿಡಿಭಾಗ, ಪರೀಕ್ಷಾ ಉಪಕರಣ, ರಿಪೇರಿ ಮಾಹಿತಿಯನ್ನು ಹೊರಗಿನ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದು. ಬೆಂಜು, ಬಿ.ಎಂ.ಡಬ್ಲ್ಯು. ಹೆಸರೂ ಆ ಪಟ್ಟಿಯಲ್ಲಿತ್ತು, ಸ್ವದೇಶಿ ಹೆಸರುಗಳೂ ಇದ್ದವು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಕೂಡದು, ಹೊರಗಿನ ತಪ್ಪು ಕೆಲಸದಿಂದ ಹಾಳಾದ ಭಾಗಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದೂ ಆಯೋಗ ಹೇಳಿತು. ಕಂಪನಿಗಳು ಕೋರ್ಟು ಹತ್ತಿದವು, 2016ರಲ್ಲಿ ಮೇಲ್ಮನವಿ ಮಂಡಳಿ ಕೆಲವರ ದಂಡ ತಗ್ಗಿಸಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ರಿಪೇರಿಯ ಹಕ್ಕು' ಎಂದು ಒಂದು ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ.

ಅಂದರೆ ಬೀಗ ಎರಡು. ಒಂದು ಬೀಗ ಕಂಪನಿ ಹಾಕಿದ್ದು: ಮಾಹಿತಿ ಕೊಡುವುದಿಲ್ಲ. ಇನ್ನೊಂದು ಭಾಷೆಯ ಬೀಗ: ಕೊಟ್ಟರೂ ನಿನಗೆ ತಿಳಿಯುವ ಮಾತಿನಲ್ಲಿ ಕೊಡುವುದಿಲ್ಲ. ಮೊದಲನೆಯದನ್ನು ಒಡೆಯಲು ದೆಹಲಿಯಲ್ಲಿ ವಕೀಲರು ಹೋರಾಡಿದ್ದಾರೆ. ಎರಡನೆಯದನ್ನು ಒಡೆಯಬೇಕಾದವರು ನಾವು.

ಬೋರ್ಡಿನ ಮೇಲೆ ಶೇಕಡ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಒಳ್ಳೆಯದೇ. ಆದರೆ ಆ ಬೋರ್ಡು ದಾಟಿ ಒಳಗೆ ಹೋದರೆ ಜಾಬ್ ಕಾರ್ಡಿನಲ್ಲಿ ಕನ್ನಡ ಎಷ್ಟು? ಎಸ್ಟಿಮೇಟಿನಲ್ಲಿ ಎಷ್ಟು? ಸಹಿ ಮಾಡಿಸಿಕೊಳ್ಳುವ ಷರತ್ತಿನ ಪುಟದಲ್ಲಿ ಎಷ್ಟು? ಸೊನ್ನೆ! ಬೋರ್ಡು ಓದಿ ಯಾರ ಪ್ರಾಣವೂ ಉಳಿಯುವುದಿಲ್ಲ ಸ್ವಾಮಿ. ಜಾಬ್ ಕಾರ್ಡು ಓದಿದರೆ ಉಳಿಯಬಹುದು.

ಆ ಸಹಿಯ ಬೆಲೆ ಗೊತ್ತೇ? ನಾಳೆ ಬ್ರೇಕ್ ಹಿಡಿಯದೆ ಹಳೇ ಮದ್ರಾಸು ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ ಮೊದಲು ಠಾಣೆ ಮೆಟ್ಟಿಲು ಹತ್ತುವವನು ಯಾರು? ಹಿಂದಿನ ಸೀಟಿನ ಯಜಮಾನರೇ? ಕೌಂಟರಿನ ಟೈ ಕಟ್ಟಿದವರೇ? ಅಲ್ಲ, ಕುಣಿಗಲ್ ಹುಡುಗ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ನು, ಪ್ರಾಣ ಹೋದರೆ 106ನೇ ಸೆಕ್ಷನ್ನು. ತಾನು ಹೇಳಿದ್ದೊಂದು, ಕಾರ್ಡಿನಲ್ಲಿ ಬರೆದದ್ದು ಇನ್ನೊಂದು, ಸಹಿ ಮಾತ್ರ ತನ್ನದು. "ನಾನು ಮೆತ್ತಗಾಗ್ತದೆ ಅಂತ ಹೇಳಿದ್ದೆ ಸಾರ್" ಎಂದು ಅವನು ಗೋಗರೆದರೆ ಸಾಕ್ಷಿ ಎಲ್ಲಿ?

ಕೆಲವು ಪಂಡಿತರು ನಗುತ್ತಾರೆ. "ಕ್ಯಾಲಿಪರಿಗೆ ಕನ್ನಡದಲ್ಲಿ ಏನಯ್ಯಾ ಹೇಳ್ತೀಯ? ಡಿಸ್ಕಿಗೆ ಬಿಲ್ಲೆ ಅನ್ನಬೇಕಾ?" ಅನ್ನುತ್ತಾರೆ. ಬೇಡ ಮಹಾಶಯರೇ. ಕ್ಯಾಲಿಪರ್ ಕ್ಯಾಲಿಪರ್ ಆಗಿಯೇ ಇರಲಿ, ಪ್ಯಾಡು ಪ್ಯಾಡಾಗಿಯೇ ಇರಲಿ. ಪದ ಎಲ್ಲಿಂದಲಾದರೂ ಬರಲಿ, ವಾಕ್ಯ ಕನ್ನಡದ್ದಾಗಿರಲಿ. ಹೀಗೆ ಬರೆಯಲು ಎಷ್ಟು ಕಷ್ಟ? "ಮುಂದಿನ ಎಡ ಪ್ಯಾಡು 4 ಮಿ.ಮೀ. ಉಳಿದಿದೆ. ಡಿಸ್ಕು ಕನಿಷ್ಠ ದಪ್ಪಕ್ಕಿಂತ ಮೇಲಿದೆ. ಬ್ರೇಕ್ ಆಯಿಲಿನಲ್ಲಿ ನೀರಿನಂಶ ಹೆಚ್ಚು, ಬದಲಾಯಿಸಬೇಕು." ಮೂರು ಸಾಲು. ಏಳನೇ ಕ್ಲಾಸು ಓದಿದವನಿಗೂ ತಿಳಿಯುತ್ತದೆ. ಹಲಸೂರಿನ ಉಸ್ತಾದರ ಮನೆಮಾತು ಉರ್ದು ಎಂದೆನಲ್ಲ, ಕೇಳಿಸಿಕೊಂಡದ್ದು ಕನ್ನಡದಲ್ಲಿ, ವಿವರಿಸಿದ್ದು ಕನ್ನಡದಲ್ಲಿ. ಅವರಿಗೆ ಸಾಧ್ಯವಾದದ್ದು ಗಾಜಿನ ಕಟ್ಟಡಕ್ಕೆ ಏಕೆ ಸಾಧ್ಯವಿಲ್ಲ?

ಆದ್ದರಿಂದ ಗೆಳೆಯರೇ, ನೀವು ಡ್ರೈವರಾಗಿರಿ, ಮಾಲೀಕರಾಗಿರಿ, ಅಪ್ಪನ ಹಳೆಯ ಕಾರು ಓಡಿಸುವ ಕಾಲೇಜು ಹುಡುಗ ಹುಡುಗಿಯರಾಗಿರಿ, ಬ್ರೇಕಿಗೆಂದು ಎಲ್ಲೇ ಕಾರು ಬಿಟ್ಟರೂ ಐದು ಮಾತು ಕೇಳಿ. ಒಂದು, ನಾನು ಹೇಳಿದ ತೊಂದರೆಯನ್ನು ನಾನು ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಪೆನ್ನು ಕೊಡಿ, ನಾನೇ ಬರೆಯುತ್ತೇನೆ. ಎರಡು, ಅಳತೆ ಹೇಳಿ. ಹೊಸದರಲ್ಲಿ ಹತ್ತು ಹನ್ನೆರಡು ಮಿ.ಮೀ. ಇರುವ ಪ್ಯಾಡಿನ ಲೈನಿಂಗ್ 3 ಮಿ.ಮೀ.ಗೆ ಬಂದರೆ ಬದಲಾಯಿಸುವ ಕಾಲ. "ಹೋಗಿದೆ" ಎನ್ನುವುದು ಅಳತೆಯಲ್ಲ. ಮೂರು, ಬ್ರೇಕ್ ಆಯಿಲ್ ನನ್ನೆದುರು ಪರೀಕ್ಷಿಸಿ, ಯಾವ ದರ್ಜೆಯದು ಹಾಕಿದಿರಿ ಎಂದು ಬಿಲ್ಲಿನಲ್ಲಿ ಬರೆಯಿರಿ, ಹೊಸ ಡಬ್ಬಿಯನ್ನು ನನ್ನೆದುರು ಒಡೆಯಿರಿ. ನಾಲ್ಕು, ಹಳೆಯ ಪ್ಯಾಡು, ಡಿಸ್ಕು ನನ್ನ ಕೈಗೆ ಕೊಡಿ. ಐದು, ಕಾರಿಗೆ ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಸ್ಕ್ಯಾನರ್ ಇದೆಯೇ ಹೇಳಿ. ಇಲ್ಲದಿದ್ದರೆ ದಯವಿಟ್ಟು ಮುಟ್ಟಬೇಡಿ.

ಇದನ್ನು ಕೇಳಲು ಭಯವೇಕೆ? ಕೊಂಡ ವಸ್ತು ಮತ್ತು ಪಡೆದ ಸೇವೆಯ ಬಗ್ಗೆ ಮಾಹಿತಿ ಪಡೆಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಹಕ್ಕು. ಜಗಳ ಬೇಡ, ಗಾಜಿಗೆ ಕಲ್ಲೂ ಬೇಡ. ಕೌಂಟರಿನ ಮುಂದೆ ನಿಂತು, ನಗುತ್ತಲೇ, ಕನ್ನಡದಲ್ಲಿ ಈ ಐದು ಪ್ರಶ್ನೆ ಕೇಳಿ. ದಿನಕ್ಕೆ ಹತ್ತು ಜನ ಕೇಳಿದರೆ ವಾರದೊಳಗೆ ಕನ್ನಡ ಬಲ್ಲವರೊಬ್ಬರು ಆ ಕುರ್ಚಿಯಲ್ಲಿ ಕೂರುತ್ತಾರೆ. ವ್ಯಾಪಾರಿಗೆ ಗಿರಾಕಿಯ ಭಾಷೆ ಬಹಳ ಬೇಗ ಅರ್ಥವಾಗುತ್ತದೆ!

ಕೊನೆಯ ಮಾತು ಕೆಲಸ ಹುಡುಕುತ್ತಿರುವ ಹುಡುಗರಿಗೆ. ಬೆಂಗಳೂರಿನ ಈ ಪೂರ್ವ ಭಾಗ ಬರೀ ಪಬ್ಬು, ಮಾಲುಗಳ ಊರಲ್ಲ. 1940ರಲ್ಲಿ ಎಚ್.ಎ.ಎಲ್. ಇಲ್ಲಿ ಹುಟ್ಟಿತು. 1948ರಲ್ಲಿ ದೂರವಾಣಿನಗರದ ಐ.ಟಿ.ಐ., 1956ರಲ್ಲಿ ಜರ್ಮನಿಯ ಎ.ಇ.ಜಿ. ಸಹಯೋಗದಲ್ಲಿ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ನಮ್ಮ ಅಪ್ಪ, ತಾತಂದಿರು ಸೈಕಲ್ಲಿನಲ್ಲಿ ಊಟದ ಕ್ಯಾರಿಯರ್ ನೇತುಹಾಕಿಕೊಂಡು ಹೋಗಿ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಮೈಕ್ರೋಮೀಟರಿನಲ್ಲಿ ಹಿಡಿದವರು. ಜರ್ಮನ್ ಯಂತ್ರಕ್ಕೆ ಕೈ ಹಾಕಲು ಅವರು ಹೆದರಲಿಲ್ಲ. ಆಡುಗೋಡಿಯ ಮೈಕೋ ಎಂದು ನಾವು ಕರೆಯುತ್ತಿದ್ದ ಕಂಪನಿ 2008ರಲ್ಲಿ ಹೆಸರು ಬದಲಿಸಿ ಬಾಷ್ ಆಯಿತು. ಆ ಎ.ಬಿ.ಎಸ್. ಮಾಡಿದ ಬಾಷ್ ಇದೇ! ಇಷ್ಟು ಹತ್ತಿರ ಇರುವ ವಿದ್ಯೆ ನಮ್ಮ ಹುಡುಗರಿಗೆ ಇಷ್ಟು ದೂರ ಏಕಾಯಿತು?

ಐ.ಟಿ.ಐ.ಯಲ್ಲಿ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಕೋರ್ಸು ಇದೆ. ಅದು ಮುಗಿಸಿ, ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಕೆ.ಆರ್. ಪುರದಲ್ಲೋ ಒಬ್ಬ ಒಳ್ಳೆಯ ಉಸ್ತಾದರ ಕೈಕೆಳಗೆ ನಾಲ್ಕು ವರ್ಷ ಮಣ್ಣು ಹೊತ್ತು, ಜೊತೆಗೆ ಸ್ಕ್ಯಾನರ್ ಓದುವುದು ಕಲಿತರೆ, ಈ ಊರಿನಲ್ಲಿ ನಿಮ್ಮನ್ನು ಕೆಲಸದಿಂದ ತೆಗೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ಇಂಗ್ಲಿಷ್ ಪುಸ್ತಕ ಓದಬೇಕಾಗುತ್ತದೆ, ಓದಿ. ಓದಿದ್ದನ್ನು ಪಕ್ಕದ ಹುಡುಗನಿಗೆ ಕನ್ನಡದಲ್ಲಿ ಹೇಳಿಕೊಡಿ. ಒಂದು ನೋಟ್ ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡಿ. ಭಾಷೆ ಬೆಳೆಯುವುದು ಸಭೆಯ ಹಾರದಿಂದಲ್ಲ, ಗ್ರೀಸು ಮೆತ್ತಿದ ಅಂಥ ನೋಟ್ ಬುಕ್ಕಿನಿಂದ.

ಕುಣಿಗಲ್ ಹುಡುಗ ಮೊನ್ನೆ ಸಿಕ್ಕಿದ್ದ. ಈಗ ಎಲ್ಲೇ ಕಾರು ಬಿಟ್ಟರೂ ಜಾಬ್ ಕಾರ್ಡಿನ ಮೇಲೆ ತಾನೇ ಕನ್ನಡದಲ್ಲಿ ಎರಡು ಸಾಲು ಬರೆದು, ಅದರ ಕೆಳಗೆ ಸಹಿ ಹಾಕುತ್ತಾನಂತೆ. "ಬೈತಾರಾ?" ಎಂದೆ. "ಇಲ್ಲ ಸಾರ್, ಈಗ ಓದಿಸ್ಕೊಂಡು ಬರೋಕೆ ಒಳಗಿಂದ ಒಬ್ಬನ್ನ ಕರೀತಾರೆ" ಎಂದು ನಕ್ಕ.

ಕರೆಯಲಿ. ಇನ್ನೂ ನೂರು ಜನ ಬರೆಯಿರಿ.